ಹೊಳೆ ಬಂದ ದಿನ ಬಾರಿಸಿದ ಗಂಟೆ

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ನಾನು ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು. ಬರೆಯುತ್ತಾ ಹೋದಂತೆ ಸಾಲು ಕೆಳಗೆ ಇಳಿಯುತ್ತದೆ, ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ಮಾತೂ ನನಗೆ ಬೇಗ ಬರುವುದಿಲ್ಲ. ಚರ್ಚಿನ ವಾರ್ಷಿಕ ಪುಸ್ತಕಕ್ಕೆ ದಾನವ್ವನ ಬಗ್ಗೆ ಬರೆದುಕೊಡು ಎಂದು ಪಾಸ್ಟರ್ ಅವರ ಹೆಂಡತಿ ಸುಜಾತಕ್ಕ ಹೇಳಿದಾಗ, ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ ಎಂದೆ. "ಆವತ್ತ ಅಲ್ಲಿ ಇದ್ದಾಕಿ ನೀನ. ಚಂದ ಬರಿಯೋದು ಬ್ಯಾಡ, ಖರೇ ಬರಿ" ಎಂದರು. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕೇಳಿದ್ದನ್ನು ಯಾರಿಂದ ಕೇಳಿದೆ ಎಂದು ಹೇಳಿ ಬರೆಯುತ್ತೇನೆ.

ದಾನವ್ವ ನನ್ನ ಅವ್ವನ ಅಕ್ಕ, ನನಗೆ ದೊಡ್ಡವ್ವ. ಅಬಲೂರಿನ ಹತ್ತಿರ ಒಣಭೂಮಿಯಲ್ಲಿ ಹುಟ್ಟಿದವಳು. ವರದಾ ಹೊಳೆಯ ದಂಡೆಯ ನಮ್ಮ ಊರಿಗೆ ಸೊಸೆಯಾಗಿ ಬಂದಾಗ ಮೊದಲ ಮಳೆಗಾಲದ ಹೊಳೆ ನೋಡಿ, "ಇಷ್ಟ ನೀರು ಯಾರಿಗೆ ಬೇಕಾಗೇತವ್ವಾ?" ಎಂದು ಬಾಗಿಲು ಹಾಕಿಕೊಂಡು ಕುಳಿತಿದ್ದಳಂತೆ. ಇದನ್ನು ಅವ್ವ ಹೇಳಿ ನಗುತ್ತಾಳೆ. ದೊಡ್ಡವ್ವನ ಗಂಡ ದೇವದಾನಪ್ಪ ಚರ್ಚಿನ ಗಂಟೆ ಬಾರಿಸುತ್ತಿದ್ದ. ಮಗಳು ಮಾಲಕ್ಕ ಇನ್ನೂ ತೊಟ್ಟಿಲಲ್ಲಿದ್ದಾಗ ಹೊಲದಲ್ಲಿ ಸಿಡಿಲು ಬಡಿದು ತೀರಿಕೊಂಡ. ಸಾವಿನ ಗಂಟೆ ಬಾರಿಸಬೇಕು, ಆದರೆ ಬಾರಿಸುವವನೇ ಸತ್ತಿದ್ದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ದೊಡ್ಡವ್ವ ಎದ್ದು ಹೋಗಿ ಹಗ್ಗ ಹಿಡಿದಳು. ಅಂದಿನಿಂದ ಆ ಕೆಲಸ ಅವಳದೇ ಆಯಿತು. ಸಿಡಿಲಿನ ಹೆದರಿಕೆ ಮಾತ್ರ ಅವಳನ್ನು ಬಿಡಲಿಲ್ಲ. ಆಕಾಶ ಗುಡುಗಿದರೆ ಕೈಯಲ್ಲಿರುವ ಕಬ್ಬಿಣದ ಹಂಚನ್ನೂ ಇಳಿಸಿ ದೂರ ಕೂರುತ್ತಾಳೆ.

ಗಂಟೆಯ ಬಗ್ಗೆ ಇಲ್ಲಿಯೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಚರ್ಚು ಹೊಳೆಯ ಕಡೆ ಮುಖ ಮಾಡಿದ ದಿಬ್ಬದ ಮೇಲಿದೆ. ಅದರ ಪಕ್ಕದಲ್ಲಿ ಎರಡು ಎತ್ತರದ ಕಲ್ಲುಕಂಬ, ಮೇಲೆ ಕಬ್ಬಿಣದ ತೊಲೆ, ಅದಕ್ಕೆ ಗಂಟೆ. ಹಗ್ಗ ಒಂದು ಗಾಲಿಯ ಮೇಲೆ ಹಾದು ಕೆಳಗೆ ಬರುತ್ತದೆ. ಹತ್ತಲು ಕಬ್ಬಿಣದ ಏಣಿ ಇದೆ. ಭಾನುವಾರದ ಆರಾಧನೆಗೆ ಜೋಡಿ ಜೋಡಿಯಾಗಿ ಬಡಿಯಬೇಕು. ಯಾರಾದರೂ ತೀರಿಕೊಂಡರೆ ಒಂದೇ ಬಡಿತ. ಆಮೇಲೆ ಮನಸ್ಸಿನಲ್ಲಿ ಕರ್ತನ ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೊಂದು. ಹೆಣ ಮನೆಯಿಂದ ಚರ್ಚಿಗೆ ಹೊರಟಾಗ ಪುನಃ ಭಾನುವಾರದ ಹಾಗೆಯೇ ಜೋಡಿ ಬಡಿತ, ಅದು ಅವರ ಕೊನೆಯ ಆರಾಧನೆ ಎಂದು. ಇವೆಲ್ಲಕ್ಕಿಂತ ಬೇರೆಯದು ಈಸ್ಟರ್ ಗಂಟೆ. ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದ ಹಬ್ಬದ ಬೆಳಗ್ಗೆ, ನಡುವೆ ಬಿಡುವೇ ಇಲ್ಲದೆ, ಕೈ ಸೋಲುವ ತನಕ ಬಾರಿಸುವುದು. ಬೇರೆ ಯಾವ ದಿನವೂ ಹಾಗೆ ಬಾರಿಸುವಂತಿಲ್ಲ. ಒಮ್ಮೆ ಓಣಿಯ ಹುಡುಗರು ಕ್ರಿಕೆಟ್ ಗೆದ್ದ ಖುಷಿಯಲ್ಲಿ ಹಗ್ಗ ಹಿಡಿದು ಹಾಗೆ ಎಳೆದರು. ದೊಡ್ಡವ್ವ ಕಸಬರಿಗೆ ಹಿಡಿದು ಹೊಳೆಯ ತನಕ ಅಟ್ಟಿಸಿಕೊಂಡು ಹೋದಳು. "ಸಾವು ಸೋತ ದಿನದ ಗಂಟಿ ಅದು! ನಿಮ್ಮ ಮ್ಯಾಚ್ ಗೆದ್ದದ್ದಕ್ಕಲ್ಲ!"

ಹೊಳೆಯ ಆಚೆ ಸವಣೂರಿನ ಕಡೆ ಜನ್ನತಬಿಯ ಎಲೆತೋಟವಿದೆ. ಸೇತುವೆ ದಾಟಿ ಹೋಗಿ ವೀಳ್ಯದೆಲೆ ಕೊಯ್ಯುವುದು ದೊಡ್ಡವ್ವನ ದಿನದ ದುಡಿಮೆ. ಜನ್ನತಬಿಯೂ ಗಂಡನನ್ನು ಕಳೆದುಕೊಂಡವಳು. ತೋಟವನ್ನು ಮಗ ಫಾರೂಕ ನೋಡಿಕೊಳ್ಳುತ್ತಾನೆ. ಇಬ್ಬರು ಹೆಂಗಸರೂ ಎಲೆ ಜೋಡಿಸುತ್ತಾ ಕೂತರೆ ಬಾಯಿ ಸುಮ್ಮನಿರುವುದಿಲ್ಲ.

"ಏ ದಾನವ್ವಾ, ನಿಮ್ಮ ದೇವರಿಗೆ ಕಿವಿ ಮಂದ ಅದಾವೇನ? ಭಾನುವಾರ ಬಂತಂದ್ರ ಅಷ್ಟ ಜೋರ ಬಡಿತೀಯಲ್ಲ."

"ದೇವರಿಗಲ್ಲ ಜನ್ನತಬಿ, ಹಾಸಿಗಿ ಬಿಡದ ನಮ್ಮ ಮಂದಿಗೆ. ನಿಮ್ಮ ಮಸೂತ್ಯಾಗಿನ ಮೈಕು ನೋಡಿದ್ರ ನಿಮ್ಮ ಮಂದಿ ಇನ್ನೂ ಕಿವುಡ್ರು!"

ಈಸ್ಟರ್ ಗಂಟೆ ಕೇಳಿದ ಕೂಡಲೇ ಜನ್ನತಬಿ ಚಹಾಕ್ಕೆ ನೀರು ಇಡುತ್ತಾಳೆ. ಆ ಗಂಟೆಯ ಹಿಂದೆ ದೊಡ್ಡವ್ವ ಕರ್ಚಿಕಾಯಿ ಕಟ್ಟಿಕೊಂಡು ಬರುತ್ತಾಳೆ ಎಂದು ಆಕೆಗೆ ಗೊತ್ತು. ದೇವದಾನಪ್ಪ ಸತ್ತಾಗಿನ ಗಂಟೆಯನ್ನೂ ಜನ್ನತಬಿ ಕೇಳಿದ್ದಳು.

ಮೂರು ವರ್ಷದ ಹಿಂದೆ ಮಾಲಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ಹತ್ತಿರವಾಗುವ ಮೊದಲೇ ಸವಣೂರಿಗೆ ಹೋಗಿ ಆಸ್ಪತ್ರೆಯ ಹತ್ತಿರ ಇರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಚಿತ್ತಿ ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಸುರಿದು, ಒಂದು ಬೆಳಗ್ಗೆ ನಾವು ಏಳುವಷ್ಟರಲ್ಲಿ ಸೇತುವೆಯ ಮೇಲೆ ಹೊಳೆ ಹೋಗುತ್ತಿತ್ತು. ಊರ ಹಿಂದಿನ ಹಳ್ಳವೂ ತುಂಬಿ, ಹಾನಗಲ್ಲಿನ ದಾರಿ ಮುಚ್ಚಿತು. ಕರೆಂಟು ಮೊದಲೇ ಹೋಗಿತ್ತು. ಮಾಲಕ್ಕನ ಗಂಡ ಹಿರೇಕೆರೂರಿನಿಂದ ಹೊರಟವನು ಚಿಕ್ಕೇರೂರಿನ ಹತ್ತಿರ ರಸ್ತೆ ಕಡಿದು ಅಲ್ಲೇ ನಿಂತ. ಪಾಸ್ಟರ್ ಶಿಗ್ಗಾಂವಿಯಲ್ಲಿ ಸಿಕ್ಕಿಕೊಂಡಿದ್ದರು. ಅದೇ ಬೆಳಗ್ಗೆ ಮಾಲಕ್ಕನಿಗೆ ಬೇನೆ ಎದ್ದಿತು.

ಸೂಲಗಿತ್ತಿ ವೀರವ್ವ ಬಂದಳು. ನಮ್ಮ ಅರ್ಧ ಊರನ್ನು ಅವಳೇ ಹೊರಗೆ ತಂದಿದ್ದಾಳೆ, ನನ್ನನ್ನೂ ಕೂಡ. ಬಹಳ ಹೊತ್ತು ಹೊಟ್ಟೆಯ ಮೇಲೆ ಕೈ ಆಡಿಸಿ, ದೊಡ್ಡವ್ವನನ್ನು ಬಾಗಿಲ ಹೊರಗೆ ಕರೆದು ಹೇಳಿದಳು: "ಕೂಸು ಅಡ್ಡ ಐತಿ ದಾನವ್ವಾ. ಇದು ನನ್ನ ಕೈಲೆ ಆಗೂದಲ್ಲ. ದವಾಖಾನಿಗೆ ಒಯ್ಯದಿದ್ರ ತಾಯಿನೂ ಉಳಿಯೂದಿಲ್ಲ."

ದೊಡ್ಡವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚರ್ಚಿನ ಸಭೆಯ ಹಿರಿಯ ಯೋಹಾನಪ್ಪನವರ ಫೋನಿನಲ್ಲಿ ಸ್ವಲ್ಪ ಬ್ಯಾಟರಿ ಉಳಿದಿತ್ತು. ಸಿಗ್ನಲ್ ಚರ್ಚಿನ ದಿಬ್ಬದ ಮೇಲೆ ಮಾತ್ರ ಬಂದು ಹೋಗುತ್ತಿತ್ತು. ಅಲ್ಲಿಂದ ಫಾರೂಕನಿಗೆ ಫೋನು ಹತ್ತಿತು. ಮೀನು ಹಿಡಿಯುವವರನ್ನು ಕರೆದು ತೆಪ್ಪ ತರುತ್ತೇನೆ ಎಂದು ಅವನು ಒಪ್ಪಿದ. ಮೇಲಿನ ದಂಡೆಯಿಂದ ಬಿಟ್ಟರೆ ಬುಟ್ಟಿಯಂಥ ಆ ತೆಪ್ಪ ಸೆಳವಿನಲ್ಲಿ ಓರೆಯಾಗಿ ಹರಿದು ನಮ್ಮ ಚರ್ಚಿನ ಕೆಳಗೆ ಬಂದು ಸೇರುತ್ತದೆ; ಅಲ್ಲಿಂದ ಬಿಟ್ಟರೆ ಕೆಳಗಿನ ತಿರುವು ದಾಟಿ ಮತ್ತೆ ಆಚೆಯ ದಂಡೆ ಹಿಡಿಯುತ್ತದೆ. ಆದರೆ ಆ ನೀರಿನಲ್ಲಿ ನಿಂತು ಕಾಯಲು ಆಗುವುದಿಲ್ಲ. ಮಳೆಯಲ್ಲಿ ಆಚೆಯ ದಂಡೆ ಕಾಣುತ್ತಲೂ ಇರಲಿಲ್ಲ. "ಮಾಲಾನ್ನ ಚರ್ಚಿಗೆ ತಂದ ಮ್ಯಾಲ ಗಂಟಿ ಬಾರಸ್ರಿ ಚಾಚಾ. ಗಂಟಿ ಕೇಳಿದ ಕೂಡ್ಲೆ ಬಿಡ್ತೀವಿ" ಎಂದು ಹೇಳಿ ಫಾರೂಕ ಫೋನು ಇಟ್ಟ. ಇದನ್ನು ಯೋಹಾನಪ್ಪನವರು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದರು.

ಮಾಲಕ್ಕನನ್ನು ಹೊರಸಿನ ಮೇಲೆ ಮಲಗಿಸಿ, ಮೇಲೆ ತಾಡಪಾಲು ಹಿಡಿದು ಚರ್ಚಿಗೆ ಹೊತ್ತು ತಂದೆವು. ಅವಳ ಪಾದ ನನ್ನ ಕೈಯಲ್ಲಿದ್ದವು, ತಣ್ಣಗಿದ್ದವು. ಹೊರಸನ್ನು ಒಳಗೆ ಇಳಿಸಿದ ತಕ್ಷಣ ದೊಡ್ಡವ್ವ ಗಂಟೆಯ ಹಗ್ಗಕ್ಕೆ ಓಡಿದಳು.

ಹಿಂದಿನ ದಿನದ ಗಾಳಿಗೆ ಬೇವಿನ ಟೊಂಗೆ ಗಾಲಿಯ ಮೇಲೆ ಬಿದ್ದಿತ್ತು. ಗಾಲಿ ಸೊಟ್ಟಾಗಿ, ನೆನೆದು ಉಬ್ಬಿದ ಹಗ್ಗ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದೊಡ್ಡವ್ವ ಮೈಭಾರ ಹಾಕಿ ಎಳೆದರೆ ಒಂದು ಬಡಿತ. ಮತ್ತೆ ಹಗ್ಗ ಬಿಡಿಸಿ, ಜಗ್ಗಿ, ತೂಗಿ ಎಳೆದರೆ ಇನ್ನೊಂದು. ಅವಳ ಕಣ್ಣು ಚರ್ಚಿನ ಬಾಗಿಲ ಕಡೆಗೇ ಇತ್ತು, ಒಳಗಿನ ನರಳಾಟದ ಕಡೆಗೇ ಕಿವಿ. ನಾವೂ ಹಾಗೆಯೇ ಇದ್ದೆವು. ಗಂಟೆ ಹೇಗೆ ಬಡಿಯುತ್ತಿದೆ ಎಂದು ನಮ್ಮಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಬಡಿಯುತ್ತಿದೆ ಎನ್ನುವುದಷ್ಟೇ ಸಾಕಾಗಿತ್ತು.

ತೆಪ್ಪ ಬರಲಿಲ್ಲ.

ದೊಡ್ಡವ್ವ ಬಾರಿಸುತ್ತಲೇ ಇದ್ದಳು. ಯೋಹಾನಪ್ಪನವರು ನೀರಿನ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದು ನೋಡಿದರು. ಕೆಂಪು ನೀರು, ಅದರಲ್ಲಿ ಬಣವೆಯ ಹುಲ್ಲು, ಬುಡ ಸಮೇತ ಒಂದು ಜಾಲಿಮರ. ತೆಪ್ಪ ಇಲ್ಲ. ಒಳಗೆ ಮಾಲಕ್ಕನ ಕೂಗು ಸಣ್ಣದಾಗುತ್ತಾ ಬಂತು. ಕೂಗು ಜೋರಾಗಿದ್ದಾಗ ಹೆದರಿದ್ದೆ, ಸಣ್ಣದಾದಾಗ ಇನ್ನೂ ಹೆದರಿದೆ.

ಆಗ ಯೋಹಾನಪ್ಪನವರ ಜೇಬಿನಲ್ಲಿ ಫೋನು ಬಡಿಯಿತು. ಅವರು ಸ್ಪೀಕರ್ ಹಚ್ಚಿದರು. ಮಳೆಯ ಸದ್ದಿನ ನಡುವೆ ಫಾರೂಕನ ದನಿ ತುಂಡು ತುಂಡಾಗಿ ಬಂತು. "ಚಾಚಾ... ಗಂಟಿ ಕೇಳಿದ್ವಿ. ದಾನವ್ವ ಖಾಲಾಗ ಸಬೂರ ಮಾಡು ಅಂತ ಹೇಳ್ರಿ. ನೀರ ಇಳಿದ ಮ್ಯಾಲ ಮಣ್ಣಿಗೆ ನಾವೆಲ್ಲಾ ಬರ್ತೀವಿ..."

"ಏ ಫಾರೂಕಾ! ಇಲ್ಲೋ! ಜೀವಂತ ಅದಾಳೋ!" ಎಂದು ಯೋಹಾನಪ್ಪನವರು ಕಿರುಚುವಷ್ಟರಲ್ಲಿ ಫೋನು ಕಪ್ಪಾಗಿತ್ತು. ಅವರು ಅದನ್ನು ಅಂಗೈಗೆ ಬಡಿದರು, ಎದೆಗೆ ಒರೆಸಿದರು. ಮತ್ತೆ ಬೆಳಕು ಬರಲಿಲ್ಲ.

ದೊಡ್ಡವ್ವನ ಕೈಯಿಂದ ಹಗ್ಗ ಜಾರಿತು. ತಾನು ಏನು ಬಾರಿಸುತ್ತಿದ್ದೆ ಎಂದು ಅವಳಿಗೆ ಆಗ ತಿಳಿಯಿತು, ನಮಗೂ ತಿಳಿಯಿತು. ಉಸಿರಾಡುತ್ತಿರುವ ಮಗಳಿಗೆ ಅವಳ ಕೈಯೇ ಸಾವಿನ ಗಂಟೆ ಬಡಿದಿತ್ತು. ಬದುಕಿರುವವಳಿಗಾಗಿ ಆ ನೀರಿಗೆ ಇಳಿಯಲು ಒಪ್ಪಿದ್ದವರು ಹೆಣಕ್ಕಾಗಿ ಯಾಕೆ ಇಳಿಯುತ್ತಾರೆ?

"ಜೋಡಿ ಗಂಟಿ ಬಾರಸ್ರಿ, ಭಾನುವಾರದ್ದು" ಎಂದು ಯಾರೋ ಅಂದರು.

"ಏನ ಹೇಳ್ತೀಯೋ?" ಎಂದರು ಯೋಹಾನಪ್ಪ. "ಸಾವಿನ ಗಂಟಿ ಹಿಂದ ಜೋಡಿ ಬಡಿದ್ರ, ಹೆಣ ಮನಿ ಬಿಟ್ಟೇತಿ ಅಂತ ಆಗ್ತೈತಿ."

ದೊಡ್ಡವ್ವ ಮೇಲೆ ಗಂಟೆಯ ಕಡೆ ನೋಡಿದಳು. ಅವಳು ನೋಡಿದ್ದು ಯೋಹಾನಪ್ಪನವರಿಗೂ ಅರ್ಥವಾಯಿತು.

"ಬ್ಯಾಡ ದಾನವ್ವಾ. ಅದು ಈಸ್ಟರ್ ಬಿಟ್ರ ಎಂದೂ ಬಡಿದದ್ದಲ್ಲ."

"ಅದೊಂದ ಉಳದೈತ್ರಿ, ಯಣ್ಣಾ. ಜನ್ನತಬಿಗೆ ಅದು ಗೊತ್ತೈತಿ."

"ಒಳಗ ಆಕಿ ಸುಮ್ಮನಾಗ್ಯಾಳ. ನೀ ಮ್ಯಾಲ ಹಬ್ಬದ ಗಂಟಿ ಬಡಿಯೂ ಹೊತ್ತಿಗೆ ಕೆಳಗ ಆಕಿ ಜೀವ ಹೋದ್ರ? ಮಗಳ ಹೆಣದ ಮ್ಯಾಲ ಈಸ್ಟರ್ ಗಂಟಿ ಬಾರಿಸಿದ್ಲು ಅಂತಾರ. ಜೀವಮಾನ ಹೊತಗೊಂಡ ತಿರಗಬೇಕಾಗ್ತೈತಿ."

ಒಳಗಿನಿಂದ ನಿಜವಾಗಿಯೂ ಸದ್ದು ಬರುತ್ತಿರಲಿಲ್ಲ. ದೊಡ್ಡವ್ವ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತಳು. ಒಳಗೆ ಹೋಗಿ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಹೋಗಲಿಲ್ಲ. ಅವಳ ತುಟಿ ಅಲುಗಿದವು. ನಾನು ಹತ್ತಿರವೇ ಇದ್ದದ್ದರಿಂದ ಕೇಳಿಸಿತು. ದೋಣಿ ಮುಳುಗುವ ಹಾಗಾದಾಗ ಶಿಷ್ಯರು ಮಲಗಿದ್ದ ಯೇಸುಸ್ವಾಮಿಯನ್ನು ಎಬ್ಬಿಸಿದ ಹಾಗೆಯೇ ಇತ್ತು ಅವಳ ಪ್ರಾರ್ಥನೆ: "ಮಲ್ಕೊಂಡಿ ಏನೋ ಯಪ್ಪಾ? ಏಳು. ನಾ ಹತ್ತಾಕತ್ತೇನಿ, ನೀ ಏಳು."

ಹಗ್ಗದಿಂದ ಈಸ್ಟರ್ ಗಂಟೆ ಬಾರಿಸಲು ಆಗುವಂತಿರಲಿಲ್ಲ. ಏಣಿಯೇ ಗತಿ. ದೊಡ್ಡವ್ವ ಕಬ್ಬಿಣದ ಏಣಿಗೆ ಕೈ ಹಚ್ಚಿದ ಹೊತ್ತಿಗೇ ಹೊಳೆಯ ಮೇಲೆ ಮಿಂಚಿತು. ಅವಳು ಕೈ ಹಿಂದಕ್ಕೆ ತೆಗೆದಳು. ಗುಡುಗು ಬಂತು, ಉರುಳಿ ದೂರ ಹೋಯಿತು. ಮತ್ತೆ ಕೈ ಹಚ್ಚಿದಳು. ಕಾಲು ಜಾರಿ ಮೊಣಕಾಲು ಮೆಟ್ಟಿಲಿಗೆ ಬಡಿಯಿತು. ಯೋಹಾನಪ್ಪನವರು "ಇಳಿ, ದಾನವ್ವಾ, ನಾ ಹತ್ತತೇನಿ" ಎಂದರು. ಅವರಿಗೆ ಆ ಗಂಟೆ ಬಾರಿಸಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಇಳಿಯಲಿಲ್ಲ. ಮೇಲೆ ಹೋಗಿ, ಒಂದು ತೋಳಿನಿಂದ ಕಂಬವನ್ನು ತಬ್ಬಿ, ಇನ್ನೊಂದು ಕೈಯನ್ನು ಗಂಟೆಯೊಳಗೆ ಹಾಕಿ ಅದರ ನಾಲಿಗೆಯನ್ನೇ ಹಿಡಿದು ಬಡಿಯತೊಡಗಿದಳು.

ಬಿಡುವೇ ಇಲ್ಲದ ಬಡಿತ. ಆ ಮಳೆಯಲ್ಲಿ, ಆ ಕೆಂಪು ನೀರಿನ ಮೇಲೆ, ಈಸ್ಟರ್.

ನಾನು ಒಳಗೆ ಓಡಿದೆ. ಮಾಲಕ್ಕನ ಕಣ್ಣು ಮುಚ್ಚಿದ್ದವು. ವೀರವ್ವ ಅವಳ ಕೆನ್ನೆ ತಟ್ಟುತ್ತಿದ್ದಳು. ಗಂಟೆಯ ಸದ್ದಿಗೆ ಚರ್ಚಿನ ಗೋಡೆಯೇ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾಲಕ್ಕನ ತುಟಿ ತೆರೆದವು.

"ಇವತ್ತ ಈಸ್ಟರ್ ಏನ?"

ವೀರವ್ವ ನಮ್ಮ ಸಭೆಯವಳಲ್ಲ, ಪ್ರತಿ ಸೋಮವಾರ ಬಸವಣ್ಣನ ಗುಡಿಗೆ ಹೋಗುವವಳು. ಆದರೂ "ಹೂಂ ಮಗಳ, ಈಸ್ಟರ್. ಕಣ್ಣ ತಗದಿರು, ಕರ್ಚಿಕಾಯಿ ಕೊಡ್ತೇನಿ" ಎಂದಳು.

ಇದನ್ನು ದೊಡ್ಡವ್ವನಿಗೆ ಹೇಳಬೇಕೆಂದು ಹೊರಗೆ ಬಂದು ಕೂಗಿದೆ. ನನ್ನ ದನಿ ಮೊದಲೇ ಸಣ್ಣದು, ಆ ಗಂಟೆಯ ಕೆಳಗೆ ನನಗೇ ಕೇಳಿಸಲಿಲ್ಲ. ಏಣಿ ಹತ್ತಿದೆ. ಹತ್ತಿ ಅವಳ ಪಾದ ಮುಟ್ಟಿದೆ. ದೊಡ್ಡವ್ವ ಕೆಳಗೆ ನೋಡಿದಳು. ಸಾವಿನ ಸುದ್ದಿ ತಂದಿದ್ದೇನೆ ಎಂದುಕೊಂಡಳು, ಆ ಮುಖ ನನಗೆ ಇವತ್ತಿಗೂ ಮರೆಯಲಾಗಿಲ್ಲ. ಹಾಗೆ ಅಂದುಕೊಂಡ ಮೇಲೂ ಅವಳ ಕೈ ನಿಲ್ಲಲಿಲ್ಲ. ನಾನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ಮಾತಾಡಿದಳು ಎಂದು ಬೆರಳನ್ನು ನನ್ನ ಬಾಯಿಗೆ ಇಟ್ಟು ತೋರಿಸಿದೆ. ದೊಡ್ಡವ್ವ ಹಣೆಯನ್ನು ಕಲ್ಲುಕಂಬಕ್ಕೆ ಒತ್ತಿಕೊಂಡಳು, ಬಡಿಯುವುದನ್ನು ಬಿಡಲಿಲ್ಲ.

ಇನ್ನು ಮುಂದಿನ ಸ್ವಲ್ಪ ಭಾಗ ಜನ್ನತಬಿಯಿಂದ ಕೇಳಿದ್ದು. ಆಚೆಯ ದಂಡೆಯಲ್ಲಿ ಫಾರೂಕ ತೆಪ್ಪವನ್ನು ಮೇಲೆ ಎಳೆದು ಬೋರಲು ಹಾಕಿಸಿದ್ದ. ಮೀನಿನವರು ಬೀಡಿ ಹಚ್ಚಿಕೊಂಡು ಹೊರಡಲು ನಿಂತಿದ್ದರು. ಜನ್ನತಬಿ ಮನೆಯಲ್ಲಿ ಅಳುತ್ತಾ ಕೂತವಳು ಗಂಟೆ ಕೇಳಿ ಎದ್ದು, ಬರಿಗಾಲಿನಲ್ಲಿ ಕೆಸರು ತುಳಿದು ದಂಡೆಗೆ ಬಂದಳು.

"ಏ ಫಾರೂಕ, ಕೇಳಸ್ತೇನ?"

"ಗಂಟಿ ಅಮ್ಮಾ. ಇನ್ನೂ ಬಾರಸಾಕತ್ತಾರ, ಪಾಪ."

"ಪಾಪ ನಿನ್ನ ದಿಮಾಗಿಗೆ! ಇದು ಕರ್ಚಿಕಾಯಿ ಗಂಟಿ ಅದ! ಹೆಣ ಮುಂದ ಇಟ್ಕೊಂಡು ಯಾವ ತಾಯಿ ಹಬ್ಬದ ಗಂಟಿ ಬಾರಸ್ತಾಳೋ? ಹುಡಗಿ ಜೀವಂತ ಅದಾಳ. ತೆಪ್ಪ ತಿರುವು. ನೀ ಹೋಗ್ತೀಯೋ, ನಾ ಕುಂದ್ರಲೋ?"

ಮಳೆಯ ಒಳಗಿನಿಂದ ಕಪ್ಪಗೆ ಏನೋ ತಿರುಗುತ್ತಾ ಬರುವುದನ್ನು ಮೊದಲು ಕಂಡವಳು ಏಣಿಯ ಮೇಲಿದ್ದ ನಾನು. ತೆಪ್ಪ ಚರ್ಚಿನ ಕೆಳಗೆ ಬಂದು ತಾಗಿತು. ಫಾರೂಕ ಎದೆಮಟ್ಟದ ನೀರಿಗೆ ಇಳಿದು ಹಗ್ಗ ಹಿಡಿದ. ಮಾಲಕ್ಕನನ್ನು ಮಲಗಿಸಿ, ವೀರವ್ವನನ್ನು ಕೂರಿಸಿದರು. ಇನ್ನೊಬ್ಬರಿಗೆ ಜಾಗವಿರಲಿಲ್ಲ. ದೊಡ್ಡವ್ವ ದಂಡೆಯಲ್ಲೇ ನಿಂತಳು. ತೆಪ್ಪ ಕೆಳಗಿನ ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಆಮೇಲೆ ಮತ್ತೆ ಏಣಿ ಹತ್ತಿದಳು. ಬೇಡ ಎಂದು ಯೋಹಾನಪ್ಪನವರೂ ಹೇಳಲಿಲ್ಲ. ಮಗಳಿಗೆ ಕೇಳಿಸುವಷ್ಟು ದೂರದ ತನಕ ಬಾರಿಸುತ್ತೇನೆ ಎಂದಳು.

ಸವಣೂರಿನ ಆಸ್ಪತ್ರೆಯಲ್ಲಿ ಮಾಲಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಗಂಡುಮಗು. ಹೊಟ್ಟೆ ಕೊಯ್ದು ತೆಗೆಯುವ ಮೊದಲೇ ಹೋಗಿತ್ತು ಎಂದು ಡಾಕ್ಟರು ಹೇಳಿದರಂತೆ. ನೀರು ಇಳಿದ ಮೇಲೆ ಆ ಸಣ್ಣ ಪೆಟ್ಟಿಗೆಯನ್ನು ಊರಿಗೆ ತಂದರು. ಆ ಹೊತ್ತಿಗೆ ಗಾಲಿಯನ್ನು ನೆಟ್ಟಗೆ ಮಾಡಿದ್ದರು. ದೊಡ್ಡವ್ವ ಹಗ್ಗ ಹಿಡಿದು, ಒಂದು ಬಡಿತ, ನಡುವೆ ಪ್ರಾರ್ಥನೆ, ಮತ್ತೊಂದು ಬಡಿತ, ಹೀಗೆ ಮೊಮ್ಮಗನಿಗೆ ಸರಿಯಾಗಿ ಬಾರಿಸಿದಳು. ಜನ್ನತಬಿ ಸೇತುವೆ ದಾಟಿ ಬಂದು ಅವಳ ಪಕ್ಕದಲ್ಲಿ ನಿಂತಿದ್ದಳು.

"ಹಬ್ಬದ ಗಂಟಿ ಅಕಾಲಕ್ಕ ಬಡಿದ್ಲು, ಅದಕ್ಕ ಕೂಸು ಹೋತು" ಎಂದು ನಮ್ಮ ಸಭೆಯಲ್ಲೇ ಕೆಲವರು ಆಡಿಕೊಂಡರು. ದೊಡ್ಡವ್ವನ ಕಿವಿಗೂ ಬಿತ್ತು. ಆ ಭಾನುವಾರವೂ ಎಲ್ಲರಿಗಿಂತ ಮುಂಚೆ ಬಂದು ಗಂಟೆ ಬಾರಿಸಿ ಚಾಪೆಯ ಮೇಲೆ ಕುಳಿತಳು. ಹಾಡಲಿಲ್ಲ. ಬಹಳ ವಾರಗಳ ತನಕ ಬರುತ್ತಿದ್ದಳು, ಹಾಡುತ್ತಿರಲಿಲ್ಲ.

ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ: ಏಣಿ ಹತ್ತುವಾಗ ಮಾಲಕ್ಕ ಉಳಿಯುತ್ತಾಳೆ ಎಂದು ನಂಬಿದ್ದೆಯಾ? ಎಲೆ ಜೋಡಿಸುತ್ತಿದ್ದ ಕೈ ನಿಂತಿತು.

"ಇಲ್ಲವಾ. ಹೋಗ್ಯಾಳ ಅಂತನ ನನ್ನ ಮನಸಿಗೆ ಬಂದಿತ್ತು."

"ಮತ್ತ ಯಾಕ ಬಾರಿಸಿದಿ?"

"ಹೋಗಿದ್ರೂ ಆ ಗಂಟಿ ಸುಳ್ಳ ಆಗ್ತಿದ್ದಿಲ್ಲಲ್ಲ. ಆತ ಎದ್ದದ್ದು ಎದ್ದದ್ದ. ನನ್ನ ಮಗಳ ಸಲವಾಗಿ ತಿರುಗಿ ಸಮಾಧ್ಯಾಗ ಹೋಗ್ತಾನೇನ?" ಮತ್ತೆ ಎಲೆ ಕೈಗೆ ತೆಗೆದುಕೊಂಡು, "ಆದ್ರ ಕೂಸಿನ ಬಗ್ಗೆ ಆತನ ಕೂಡ ನನ್ನ ಜಗಳ ಇನ್ನೂ ಮುಗದಿಲ್ಲ. ಅದನ್ನ ನೀ ಬರಿಯೂದಿದ್ರ ಬರಿ" ಎಂದಳು. ಅವಳು ಹೇಳಿದ್ದರಿಂದ ಬರೆದಿದ್ದೇನೆ.

ಆವತ್ತು ಕಂಬವನ್ನು ತಬ್ಬಿದ್ದ ತೋಳು ಆಮೇಲೆ ಮೇಲಕ್ಕೆ ಏಳಲಿಲ್ಲ. ಗಂಟೆಯ ಕಡೆಗಿದ್ದ ಕಿವಿಯೂ ಮಂದವಾಯಿತು. ಈಗ ದೇವರ ಕಿವಿಯ ಬಗ್ಗೆ ಅಲ್ಲ, ದೊಡ್ಡವ್ವನ ಕಿವಿಯ ಬಗ್ಗೆಯೇ ಜನ್ನತಬಿ ಗೇಲಿ ಮಾಡುತ್ತಾಳೆ. ಒಂದೇ ಕೈಯಲ್ಲಿ ಎರಡು ಈಸ್ಟರ್ ಬಾರಿಸಿದಳು. ಈ ಸಲ ಅರ್ಧಕ್ಕೇ ಕೈ ಸೋತು ನಿಂತಳು. ಪಕ್ಕದಲ್ಲಿದ್ದ ನನ್ನ ಕೈಗೆ ಹಗ್ಗ ಕೊಟ್ಟು, "ಎಳಿ. ನಿನ್ನ ದನಿ ಯಾರಿಗೂ ಕೇಳಸೂದಿಲ್ಲ, ಇದರ ದನಿ ಕೇಳಸ್ತೈತಿ" ಎಂದಳು. ಅಷ್ಟೂ ಜನ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾದವು, ಆದರೂ ಮುಗಿಯುವ ತನಕ ಎಳೆದೆ. ಮಾಲಕ್ಕ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು.

ಹಗ್ಗ ಹಳೆಯದಾಗಿ ನಡುವೆ ಎಳೆ ಬಿಟ್ಟಿದೆ. ನಾಳೆ ಹಾನಗಲ್ಲಿಗೆ ಹೋಗಿ ಹೊಸ ಹಗ್ಗ ತರುತ್ತೇನೆ. ಭಾನುವಾರ ಬೆಳಗ್ಗೆ ಗಂಟೆ ನಾನು ಬಾರಿಸುತ್ತೇನೆ.